ಮೂರು ಪಿಕಪ್ಪು, ಮೂವತ್ತು ಮೊಟ್ಟೆ

ಮೊಟ್ಟೆ ಮಾವನ ಲಗೇಜ್ ಆಟೋ ಇಪ್ಪತ್ತೆರಡು ವರ್ಷ ದುಡಿದು, ಒಂದು ಸೋಮವಾರ ಬೆಳಿಗ್ಗೆ, ಹಾಸ್ಟೆಲ್ಲಿನ ಗೇಟಿಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಪ್ರಾಣ ಬಿಟ್ಟಿತು. ಸುಮ್ಮನೆ ಬಿಡಲಿಲ್ಲ. ಮುಂದಿನ ಚಕ್ರ ಒಂದು ದಿಕ್ಕಿಗೆ ಹೋಯಿತು, ಉಳಿದ ಆಟೋ ಇನ್ನೊಂದು ದಿಕ್ಕಿಗೆ ಮಲಗಿತು, ಮೂರು ಸಾವಿರ ಮೊಟ್ಟೆಗಳಲ್ಲಿ ಎರಡು ಸಾವಿರ ರಸ್ತೆಗೆ ಅರ್ಪಣೆಯಾದವು. ಗಲಾಟೆ ಕೇಳಿ ಓಡಿಬಂದ ಹಾಸ್ಟೆಲ್ ವಾರ್ಡನ್ ಅರ್ಧ ದೂರ ಓಡಿದರು, ಉಳಿದರ್ಧ ಜಾರಿದರು.

“ಹದಿನಾಲ್ಕು ವರ್ಷದಿಂದ ನಿಮ್ಮ ಮೊಟ್ಟೆ ತಿಂದಿದೀವಿ, ಅದಕ್ಕೆ ಇನ್ನೊಂದು ಅವಕಾಶ ಕೊಡ್ತೀನಿ” ಎಂದರು ವಾರ್ಡನ್, ಗೇಟನ್ನು ಗಟ್ಟಿಯಾಗಿ ಹಿಡಿದು ನಿಂತುಕೊಂಡು. “ಮುಂದಿನ ಸೋಮವಾರ ಎಂಟು ಗಂಟೆಗೆ ನೂರು ಟ್ರೇ ಇಲ್ಲಿರಬೇಕು. ಒಡೆದದ್ದು ಮೂವತ್ತು ದಾಟಿದ್ರೆ ಬೇರೆ ಅಂಗಡಿ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ.”

ಮಾವ ಬೇಜಾರು ಮಾಡಿಕೊಳ್ಳಲಿಲ್ಲ, ಹೆದರಿದರು. ಆ ಹಾಸ್ಟೆಲ್ ತಪ್ಪಿಹೋದರೆ ಅಂಗಡಿಗೆ ಉಳಿಯುವವರು ಎರಡೋ ಮೂರೋ ಮೊಟ್ಟೆ ಕೊಳ್ಳಲು ಬಂದು ಅರ್ಧ ಗಂಟೆ ಮಾತಾಡಿ ಹೋಗುವ ಗಿರಾಕಿಗಳು ಮಾತ್ರ. ಅವರನ್ನು ನಂಬಿದರೆ ಮೂರು ತಿಂಗಳಲ್ಲಿ ಅಂಗಡಿಗೆ ಬೀಗ. ಆದ್ದರಿಂದ ಒಂದು ಸಣ್ಣ ಪಿಕಪ್ ಕೊಳ್ಳುವುದೆಂದೂ ಅದಕ್ಕೊಬ್ಬ ಡ್ರೈವರನ್ನು ಇಟ್ಟುಕೊಳ್ಳುವುದೆಂದೂ ನಿರ್ಧಾರವಾಯಿತು. ಡ್ರೈವರ್ ಯಾಕೆಂದರೆ, ಮಾವನಿಗೆ ನಾಲ್ಕು ಚಕ್ರದ ಗಾಡಿ ಬಾರದು. ಲೈಸೆನ್ಸ್ ಪರೀಕ್ಷೆಗೆ ಮೂರು ಸಲ ಹೋಗಿದ್ದರು. ಮೂರು ಸಲವೂ ಹಿಂದಕ್ಕೆ ಬಿಡಿ ಎಂದಾಗ ಮುಂದಕ್ಕೆ ಬಿಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾವ ಪರೀಕ್ಷೆಯ ಮೈದಾನವೇ ಡೊಂಕು ಎಂದು ಬಂದುಬಿಟ್ಟಿದ್ದರು.

ಪಿಕಪ್ ಎಂದ ಕೂಡಲೇ ಬೀದಿಯೆಲ್ಲ ಪಂಡಿತರಾದರು. ಬಿಳಿ ಗಾಡಿ ಎಳೆತಕ್ಕೆ ಚೆನ್ನ ಎಂದ ಸೈಕಲ್ ಅಂಗಡಿಯವನು. ನೀಲಿ ಗಾಡಿಯಲ್ಲಿ ಜಾಗ ಜಾಸ್ತಿ ಎಂದಳು ಲಾಂಡ್ರಿಯಮ್ಮ. ಕೆಂಪು ಗಾಡಿ ಹತ್ತು ವರ್ಷವಾದರೂ ಗ್ಯಾರೇಜಿನ ಮುಖ ನೋಡುವುದಿಲ್ಲ ಎಂದರು ನಿವೃತ್ತ ಹೆಡ್‌ಮಾಸ್ಟರು. ಅವರು ಜೀವಮಾನದಲ್ಲಿ ಸೈಕಲ್ಲನ್ನೂ ಹತ್ತಿದವರಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಮಾವ ನಕ್ಕರು. ಅವರಿಗೊಂದು ಸ್ವಂತ ವಿಧಾನ ಹೊಳೆದಿತ್ತು, ಅನರ್ಥವೆಲ್ಲ ಶುರುವಾದದ್ದು ಅಲ್ಲಿಂದಲೇ. ಲೋಕವೆಲ್ಲ ಲೀಟರಿಗೆ ಎಷ್ಟು ಕೊಡುತ್ತೆ ಎಂದು ಕೇಳಿದರೆ ಮಾವ ಟ್ರೇಗೆ ಎಷ್ಟು ಒಡೆಯುತ್ತೆ ಎಂದು ಕೇಳುವವರು. ಹಿಂದಿನ ಬಾಡಿಯಲ್ಲಿ, ಅಂದರೆ ಸಾಮಾನು ಹೇರುವ ಜಾಗದಲ್ಲಿ, ತಾವೇ ಕೂತು, ತೊಡೆಯ ಮೇಲೆ ಮೂವತ್ತು ಮೊಟ್ಟೆಯ ಒಂದು ಟ್ರೇ ಇಟ್ಟುಕೊಂಡು, ಊರು ಸುತ್ತಿ ಬಂದು, ಒಡೆದದ್ದನ್ನು ಎಣಿಸುವುದು. ಯಾವ ಗಾಡಿಯಲ್ಲಿ ಕಡಿಮೆಯೋ ಅದೇ ಗಾಡಿ.

“ಮೊಟ್ಟೆ ಸುಳ್ಳು ಹೇಳಲ್ಲ” ಎಂದರು ಹೆಂಡತಿಗೆ.

“ಅದೂ ಸರಿ. ಅದು ಬಾಯೇ ಬಿಡಲ್ಲ” ಎಂದರು ಬೀದಿಗೆಲ್ಲ ಅತ್ತೆಯಾಗಿದ್ದ ಆಕೆ, ಟ್ರೇ ಜೋಡಿಸುತ್ತಾ.

ಮೂರು ಶೋರೂಮಿಗೂ ಫೋನು ಹೋಯಿತು. ಮೊದಲನೆಯವನು ಗುರುವಾರ ಹತ್ತು ಗಂಟೆಗೆ ಟ್ರಯಲ್ ಗಾಡಿ ತರಲಾ ಎಂದ. ಮಾವ ಆಗಲಿ ಎಂದರು. ಎರಡನೆಯವನೂ ಗುರುವಾರ ಹತ್ತು ಎಂದ. ಇಲ್ಲ ಎನ್ನುವ ಶಬ್ದ ಮಾವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಮೂರನೆಯವನಿಗೂ ಆಗಲಿ ಎಂದರು. ಹೀಗಾಗಿ ಗುರುವಾರ ಹತ್ತಕ್ಕೆ ಮೊಟ್ಟೆ ಅಂಗಡಿಯ ಮುಂದೆ ಬಿಳಿ, ನೀಲಿ, ಕೆಂಪು ಮೂರು ಹೊಸ ಪಿಕಪ್ಪುಗಳು ಸಾಲಾಗಿ ಬಂದು ನಿಂತವು. ಸರಿಯಾಗಿ ಅದೇ ಹೊತ್ತಿಗೆ ಅತ್ತೆಯ ಅಣ್ಣನೂ ಬಂದು ನಿಂತರು.

ಈ ಅಣ್ಣನಿಗೆ ಉಗ್ರಾಣದ ಭಾವ ಎಂದು ಹೆಸರು. ದೊಡ್ಡದೊಂದು ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ಇಪ್ಪತ್ತೆರಡು ವರ್ಷದಿಂದ ಮಾವನನ್ನು ಅವರು ಕರೆಯುತ್ತಿದ್ದದ್ದು “ಏನಯ್ಯಾ ಮೊಟ್ಟೆ” ಎಂದು. ಇವತ್ತು ಸಾಲನ್ನು ನೋಡಿದರು, ಸಾಲಿನ ನಡುವೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತ ತಂಗಿಯ ಗಂಡನನ್ನು ನೋಡಿದರು, ಮೂವರು ಸೇಲ್ಸ್‌ನವರು ಆತನಿಗೆ ಒಟ್ಟಿಗೆ ಕೈ ಮುಗಿಯುವುದನ್ನೂ ನೋಡಿದರು.

“ಮೂರಾ?” ಎಂದರು.

ನಿಜ ಹೇಳಲು ಮಾವ ಬಾಯಿ ತೆರೆದಿದ್ದರು. ಅದು ನಮ್ಮ ಕಥಾನಾಯಕನ ಪರವಾಗಿ ದಾಖಲಾಗಬೇಕು. ಆದರೆ ಅಷ್ಟರಲ್ಲಿ ಉಗ್ರಾಣದ ಭಾವ ಚಪ್ಪಲಿ ಬದಿಗೆ ಬಿಟ್ಟು, “ಒಂದು ಮಾತು ಹೇಳ್ಬಾರ್ದಿತ್ತಾ ಭಾವನವ್ರೇ?” ಎಂದುಬಿಟ್ಟರು. ಭಾವನವರು! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ ಆ ಶಬ್ದ ಮಾವನ ಕಿವಿಯಲ್ಲಿ ಇಳಿದು ಎದೆಯವರೆಗೆ ಹೋಯಿತು. ತೆರೆದ ಬಾಯಿ ಮುಚ್ಚಿಕೊಂಡು ಟವೆಲ್ ಸರಿಮಾಡಿಕೊಂಡು, “ಹೂಂ, ಏನೋ ಒಂದು ವ್ಯವಸ್ಥೆ” ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ.

ಆ ದೀಪದ ಬೆಳಕು ಮಧ್ಯಾಹ್ನದೊಳಗೆ ಇಡೀ ಬೀದಿಗೆ ಹರಡಿತು. ಮೊಟ್ಟೆ ಮಾವ ಮೂರು ಪಿಕಪ್ ತೆಗೆದರಂತೆ, ಸಾಗಾಣಿಕೆ ಕಂಪನಿ ಮಾಡುತ್ತಾರಂತೆ. ವಿಚಿತ್ರವೆಂದರೆ ಮೂವರು ಸೇಲ್ಸ್‌ನವರೂ ಇದನ್ನು ನಂಬಿದರು. ಬಿಳಿಯವನು ನೀಲಿ ಕೆಂಪು ಎರಡೂ ಮಾರಾಟವಾಗಿವೆ, ತನ್ನದೊಂದೇ ಬಾಕಿ ಎಂದುಕೊಂಡ. ನೀಲಿಯವನೂ ಕೆಂಪಿನವನೂ ಅದೇ ಲೆಕ್ಕದಲ್ಲಿದ್ದರು. ಇಷ್ಟು ದೊಡ್ಡ ಗಿರಾಕಿಯನ್ನು ಬಿಟ್ಟು ಹೋಗುವುದುಂಟೇ? “ಎಷ್ಟು ದಿನ ಬೇಕಾದ್ರೂ ಓಡಿಸಿ ನೋಡಿ ಸಾರ್” ಎಂದು ಮೂವರೂ ಅಲ್ಲೇ ಬೀಡುಬಿಟ್ಟರು.

ಗುರುವಾರದ ಪರೀಕ್ಷೆಯಲ್ಲಿ ಸೇಲ್ಸ್‌ನವರೇ ಓಡಿಸಿದರು. ಮಾವ ಹಿಂದೆ ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂತು, ಕಣ್ಣನ್ನು ಮೊಟ್ಟೆಯ ಮೇಲೆ ನೆಟ್ಟು, ತಗಡನ್ನು ಎರಡು ಸಲ ತಟ್ಟಿ, “ಬಿಡಪ್ಪಾ ಡ್ರೈವರ್!” ಎನ್ನುವುದು, ಗಾಡಿ ಹೊರಡುವುದು. ಬಿಳಿಯಲ್ಲಿ ಹನ್ನೊಂದು ಒಡೆದವು, ನೀಲಿಯಲ್ಲಿ ಒಂಬತ್ತು, ಕೆಂಪಿನಲ್ಲಿ ಹತ್ತು. ಮಾವ ಅಂಗಿಯೆಲ್ಲ ಹಳದಿಯಾಗಿ ಇಳಿದು ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ನೆರೆಹೊರೆಯ ಸರದಿ. ಗಾಳಿ ಬಂದಾಗ ತೂರಿಕೊಳ್ಳುವುದು ಯಾರಿಗೆ ತಾನೇ ಗೊತ್ತಿಲ್ಲ?

“ಹೇಗೂ ಗಾಡಿ ಖಾಲಿ ಓಡ್ತಿದೆಯಲ್ಲ ಮಾವ, ನನ್ನ ಹೊಸ ವಾಷಿಂಗ್ ಮೆಷಿನ್ ಒಂಚೂರು...” ಎಂದಳು ಲಾಂಡ್ರಿಯಮ್ಮ.

“ಲೋಡ್ ಇಲ್ದೆ ಪರೀಕ್ಷೆ ಎಂಥದ್ದು? ಹೇರಮ್ಮಾ!” ಎಂದರು ಮಾವ. ಮೆಷಿನ್ ಆಯಿತು, ಸೈಕಲ್ ಅಂಗಡಿಯ ಕಬ್ಬಿಣದ ಸ್ಟ್ಯಾಂಡ್ ಆಯಿತು, ಮನೆ ಬದಲಿಸುತ್ತಿದ್ದ ನರ್ಸಮ್ಮನ ಮಂಚ ಬೀರು ಆಯಿತು. ಅಷ್ಟರಲ್ಲಿ ಮಾವನ ಮೊಟ್ಟೆ ಶಾಸ್ತ್ರಕ್ಕೆ ದೊಡ್ಡ ಆಘಾತವೊಂದು ಕಾದಿತ್ತು. ಗುರುವಾರ ಹನ್ನೊಂದು ಒಡೆದ ಅದೇ ಬಿಳಿ ಗಾಡಿ ಶುಕ್ರವಾರ ಬೆಳಿಗ್ಗೆ ವಾಷಿಂಗ್ ಮೆಷಿನ್ನಿನ ಸಮೇತ ಹೋಗಿ ಒಡೆದದ್ದು ಎರಡೇ ಎರಡು. ಮಧ್ಯಾಹ್ನ ಮತ್ತೆ ಹನ್ನೆರಡು. ನೀಲಿ ಬೆಳಿಗ್ಗೆ ಹತ್ತು, ಸಂಜೆ ಒಂದು. ಕೆಂಪು ಎರಡು ಸಲ ಹೋಗಿ ಎರಡು ಸಲವೂ ಒಂದೊಂದೇ.

ಮಾವ ನೋಟುಬುಕ್ಕಿನ ಮುಂದೆ ತಲೆ ಕೆರೆದುಕೊಂಡು ಕೂತರು. ಬಿಸಿಲಿಗೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಯೇ? ಕೋಳಿಗಳಲ್ಲೇ ವ್ಯತ್ಯಾಸವಿದೆಯೇ? ಸೇಲ್ಸ್‌ನವರನ್ನು ಕೇಳಿದರೆ ಮೂವರೂ ಒಂದು ಥರ ನಕ್ಕು ಮುಖ ತಿರುಗಿಸಿದರು.

“ಅಂಗಡಿ ನೋಡ್ಕೋತಾ ಕೂತಿದ್ದೀಯಲ್ಲ, ನಿನಗೇನಾದ್ರೂ ಹೊಳೆಯತ್ತಾ?” ಎಂದರು ಹೆಂಡತಿಗೆ.

“ಅಂಗಡಿ ಲಾಂಡ್ರಿಯಮ್ಮ ನೋಡ್ಕೊಂಡ್ಲು” ಎಂದರು ಅತ್ತೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. “ಊಟ ಮಾಡಿ, ಆರಿ ಹೋಗ್ತಿದೆ.”

ಮಾವ ಊಟ ಮಾಡಿದರು. ಆ ಉತ್ತರದ ಮೊದಲರ್ಧ ಅವರ ಕಿವಿಯ ಹತ್ತಿರ ಬಂದು ವಾಪಸು ಹೋಯಿತು.

ಶನಿವಾರ ಹೆಡ್‌ಮಾಸ್ಟರು ಬಂದರು. ಅವರ ಮನೆಯ ಮುಂಗೋಣೆಯಲ್ಲಿ ನಲವತ್ತು ವರ್ಷದಿಂದ ಒಂದು ಉಚಿತ ವಾಚನಾಲಯವಿತ್ತು; ಅದನ್ನು ಪೇಟೆಯ ಆಚೆಯ ದೊಡ್ಡ ಕೋಣೆಗೆ ಸಾಗಿಸಬೇಕು. ಮಾವ ಬಾಯಿ ತೆರೆಯುವ ಮೊದಲೇ ಉಗ್ರಾಣದ ಭಾವ ಉತ್ತರ ಕೊಟ್ಟಾಗಿತ್ತು. “ಅದಕ್ಕೇನಂತೆ ಮೇಷ್ಟ್ರೇ! ನಮ್ಮ ಭಾವನವ್ರ ಮೂರು ಗಾಡೀನೂ ಬರತ್ತೆ!”

ಮೆರವಣಿಗೆ ಹೊರಟಿತು. ಮುಂದೆ ಬಿಳಿ, ಅದರಲ್ಲಿ ಕಪಾಟುಗಳ ನಡುವೆ ಟ್ರೇ ಹಿಡಿದ ಮಾವ. ಹಿಂದೆ ನೀಲಿ, ಅದರ ಹಿಂದೆ ಕೆಂಪು. ಸ್ಕೂಟರಿನಲ್ಲಿ ಉಗ್ರಾಣದ ಭಾವ ದಾರಿ ಬಿಡಿಸುತ್ತಿದ್ದರು. ದೊಡ್ಡ ಚೌಕದಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದರು.

“ಟ್ರಯಲ್ ನಂಬರ್ ಹಾಕ್ಕೊಂಡು ಲೋಡ್ ಸಾಗಿಸ್ತಿದೀರಲ್ಲ, ಯಾರದು ಗಾಡಿ?”

“ಮೂರೂ ನಮ್ಮ ಭಾವನವ್ರದ್ದು!” ಎಂದರು ಉಗ್ರಾಣದ ಭಾವ, ಎದೆಯುಬ್ಬಿಸಿ.

“ಒಳ್ಳೇದಾಯ್ತು. ಹಾಗಾದ್ರೆ ಮೂರಕ್ಕೂ ಅವ್ರ ಮೇಲೆ ಕೇಸ್ ಹಾಕ್ತೀನಿ.” ಅಧಿಕಾರಿ ಡ್ರೈವರುಗಳ ಲೈಸೆನ್ಸನ್ನು ಒಂದೊಂದಾಗಿ ನೋಡಿದರು. ಬಿಳಿಯವನು ಲೈಸೆನ್ಸ್ ಮರೆತು ಬಂದಿದ್ದ, ನೀಲಿಯವನದು ಅವಧಿ ಮುಗಿದಿತ್ತು. “ಮೂರನೇ ಗಾಡಿಯವ್ರದ್ದೊಂದು ಸರಿಯಾಗಿದೆ, ನೋಡಿ ಕಲೀರಿ” ಎಂದು ಗದರಿ, “ಎಲ್ಲಿ ಮಾಲೀಕರು? ಇಳೀರಿ ಕೆಳಗೆ” ಎಂದರು.

ಮಾವ ಒಂದು ದಪ್ಪ ನಿಘಂಟಿನ ಹಿಂದೆ ಅಡಗಿದ್ದರು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಬಾಯಲ್ಲಿತ್ತು. ಕೊನೆಗೆ ಉಗುಳಿಯೇಬಿಟ್ಟರು.

“ಸಾರ್, ಒಂದೂ ನನ್ನದಲ್ಲ. ನನ್ನ ಹತ್ರ ಇರೋದು ಈ ಟ್ರೇ ಒಂದೇ. ತಗೊಳ್ಳೋದೂ ಒಂದೇ ಗಾಡಿ. ಯಾವ್ದು ಅಂತ ಇನ್ನೂ ಗೊತ್ತಾಗ್ತಿಲ್ಲ.”

ಬಿಳಿಯವನು ನೀಲಿಯವನನ್ನು ನೋಡಿದ, ನೀಲಿಯವನು ಕೆಂಪಿನವನನ್ನು ನೋಡಿದ. ಉಗ್ರಾಣದ ಭಾವ ಯಾರನ್ನೂ ನೋಡದೆ ಸ್ಕೂಟರಿನ ಕನ್ನಡಿ ಒರೆಸಿದರು. ಕಥೆಯನ್ನೆಲ್ಲ ಕೇಳಿದ ಅಧಿಕಾರಿ ನಗು ತಡೆಯಲು ಕಪಾಟಿನತ್ತ ಮುಖ ತಿರುಗಿಸಿದರು, ತಿರುಗಿಸಿದವರು ಹಾಗೇ ನಿಂತರು. “ಇದು ಮೇಷ್ಟ್ರ ವಾಚನಾಲಯದ ಪುಸ್ತಕ ಅಲ್ವಾ? ಈ ಕೆಲಸದ ಪರೀಕ್ಷೆಗೆ ನಾನು ಓದಿದ್ದೇ ಅಲ್ಲಿ ಕೂತು.” ಕೈಯಲ್ಲಿದ್ದ ಪೆನ್ನು ಜೇಬಿಗೆ ಹೋಯಿತು. “ಪುಸ್ತಕ ಇಳಿಸಿ ನೇರ ಶೋರೂಮಿಗೆ ಹೋಗಿ. ಇನ್ನೊಂದ್ ಸಲ ಕಣ್ಣಿಗೆ ಬಿದ್ರೆ ಬಿಡಲ್ಲ.”

ಪುಸ್ತಕ ಇಳಿದವು, ಗಾಡಿಗಳೂ ಹೋದವು. ಮಾವ ಖಾಲಿ ರಸ್ತೆಯಲ್ಲಿ ಟ್ರೇ ಹಿಡಿದು ನಡೆದು ಬಂದರು. ಭಾನುವಾರವಿಡೀ ಅಂಗಡಿಯ ಒಳಗೇ ಕೂತರು. ಹೊಟ್ಟೆಯಲ್ಲಿ ನಾಚಿಕೆ, ತಲೆಯಲ್ಲಿ ಸೋಮವಾರ. ಬಾಡಿಗೆಗೆ ಗಾಡಿ ಹುಡುಕಿ ನಾಲ್ಕು ಕಡೆ ಫೋನ್ ಮಾಡಿದರು. ಮೊಟ್ಟೆ ಎಂದ ಕೂಡಲೇ ನಾಲ್ವರೂ ಬೇರೆ ಕೆಲಸವಿದೆ ಎಂದರು. ಹಾಸ್ಟೆಲ್ ರಸ್ತೆಯ ಸುದ್ದಿ ಅಷ್ಟು ದೂರ ಜಾರಿಕೊಂಡು ಹೋಗಿತ್ತು.

“ಹದಿನಾಲ್ಕು ವರ್ಷದ ಗಿರಾಕಿ ಹೋಯ್ತು ಕಣೇ. ಒಂದು ಸುಳ್ಳಿನ ಮರ್ಯಾದೆಗೆ ನಾಲ್ಕು ದಿನ ಕಳೆದುಬಿಟ್ಟೆ” ಎಂದರು ಮಾವ. ಕಣ್ಣಲ್ಲಿ ನೀರಿತ್ತು.

“ನೀವು ಬೆಳಿಗ್ಗೆ ಟ್ರೇ ಹೊರಗೆ ಇಡಿ, ಸಾಕು” ಎಂದು ಅತ್ತೆ ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋದರು.

ಸೋಮವಾರ ಬೆಳಗ್ಗೆ ಆರೂವರೆಗೆ ಬಾಗಿಲು ತೆರೆದ ಮಾವನಿಗೆ ಕಂಡದ್ದು ಬೀದಿ ತುಂಬ ಜನ. ನಗಲು ಬಂದಿದ್ದಾರೆ ಎಂದುಕೊಂಡು ಬಾಗಿಲು ಮುಚ್ಚಲು ಹೊರಟರು.

“ಮುಚ್ಚಬೇಡಿ ಮಾವ, ಟ್ರೇ ಕೊಡಿ” ಎಂದಳು ಲಾಂಡ್ರಿಯಮ್ಮ. “ನಮ್ಮ ಮೆಷಿನ್ನಿಗೆ ಒಂದು ಗೀರೂ ಬಿದ್ದಿರ್ಲಿಲ್ಲ.” ಸೈಕಲ್ ಅಂಗಡಿಯವನು ಹಗ್ಗ ತಂದಿದ್ದ, ನರ್ಸಮ್ಮ ಟ್ರೇಗಳ ನಡುವೆ ತುರುಕಲು ಹಳೆಯ ಹೊದಿಕೆ ತಂದಿದ್ದಳು. ಹೆಡ್‌ಮಾಸ್ಟರು ಏನನ್ನೂ ತರದೆ ಎಲ್ಲರಿಗೂ ಸಾಲಾಗಿ ನಿಲ್ಲುವಂತೆ ಹೇಳುತ್ತಿದ್ದರು. ಆ ಸಾಲಿನ ಮುಂದೆ ತೋಳು ಮಡಚಿ ನಿಂತಿದ್ದವರು ಉಗ್ರಾಣದ ಭಾವ.

“ಭಾವ, ನಾನು ಅವತ್ತೇ ನಿಮಗೆ ನಿಜ ಹೇಳ್ಬೇಕಿತ್ತು” ಎಂದರು ಮಾವ, ತಲೆ ತಗ್ಗಿಸಿ. “ನೀವು ಭಾವನವ್ರೇ ಅಂದ್ರಲ್ಲ, ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ.”

ಉಗ್ರಾಣದ ಭಾವ ಮಡಚಿದ್ದ ತೋಳು ಬಿಡಿಸಿದರು. “ಮೂರು ಗಾಡಿ ನೋಡಿ ಮರ್ಯಾದೆ ಕೊಟ್ಟೋನು ನಾನು. ತಪ್ಪು ನಿಮ್ಮದೊಂದೇ ಅಲ್ಲ. ಗೋದಾಮಲ್ಲಿ ಮೂವತ್ತು ವರ್ಷ ಮಾಲು ಜೋಡಿಸಿದ ಕೈ ಇದು, ಸರೀರಿ ಭಾವನವ್ರೇ” ಎಂದು ಮೊದಲ ಟ್ರೇ ಎತ್ತಿಕೊಂಡರು.

ಅಷ್ಟರಲ್ಲಿ ತಿರುವಿನಲ್ಲಿ ಕೆಂಪು ಪಿಕಪ್ ಕಾಣಿಸಿತು. ಓಡಿಸಿಕೊಂಡು ಬಂದ ಸೇಲ್ಸ್‌ನವ ಕೆಳಗಿಳಿದು, “ಅಮ್ಮ ಫೋನ್ ಮಾಡಿದ್ರು. ಆಫೀಸಿಂದ ಕಾಗದ ಮಾಡಿಸ್ಕೊಂಡೇ ಬಂದಿದೀನಿ, ಈ ಸಲ ಯಾರೂ ಹಿಡಿಯಲ್ಲ” ಎಂದ. ಮಾವ ಅವನ ಎರಡೂ ಕೈ ಹಿಡಿದುಕೊಂಡರು. ನೂರು ಟ್ರೇ ಏರಿತು, ಯಾವುದಕ್ಕೂ ಇರಲಿ ಎಂದು ಮೇಲೊಂದು ಟ್ರೇ ಏರಿತು, ಅವುಗಳ ಸಂದಿಯಲ್ಲಿ ಮಾವನನ್ನೂ ಮಂಡಿ ಮಡಿಸಿ ಜೋಡಿಸಿದ್ದಾಯಿತು. ಅಲ್ಲಾಡಲೂ ಜಾಗವಿಲ್ಲ. ಮಾವ ಕೈ ಮಾತ್ರ ಹಿಂದಕ್ಕೆ ಚಾಚಿ ತಗಡು ತಟ್ಟಿದರು. “ಬಿಡಪ್ಪಾ ಡ್ರೈವರ್!”

ಹಾಸ್ಟೆಲ್ಲಿನ ಅಂಗಳದಲ್ಲಿ ವಾರ್ಡನ್ ಅಡುಗೆಯವರನ್ನೆಲ್ಲ ಕೂರಿಸಿ ಎಣಿಸಿದರು. ನೂರು ಟ್ರೇ, ಮೂರು ಸಾವಿರ ಮೊಟ್ಟೆ, ಒಡೆದದ್ದು ನಾಲ್ಕು. ಎರಡನೇ ಸಲ ಎಣಿಸಿದರು. ನಾಲ್ಕೇ.

“ಒಪ್ಪಿದೆ. ವರ್ಷವಿಡೀ ನೀವೇ ಕೊಡಿ” ಎಂದು ಬೆನ್ನು ತಟ್ಟಿ, “ಆದ್ರೆ ಆ ಡ್ರೈವರನ್ನ ಮಾತ್ರ ಕಳ್ಕೋಬೇಡಿ” ಎಂದರು.

ಮಾವನ ಎದೆಯಿಂದ ಒಂದು ವಾರದ ಕಲ್ಲು ಇಳಿಯಿತು. ಕಾಲಿಗೆ ಜೋಮು ಹಿಡಿದಿತ್ತು, ಕುಂಟುತ್ತಾ ಗಾಡಿ ಬಳಸಿ ಕ್ಯಾಬಿನ್ನಿನ ಹತ್ತಿರ ಹೋಗಿ, ಕೈ ಮುಗಿದು, “ನಿನ್ನ ಋಣ ಹೇಗಪ್ಪಾ ತೀರಿಸ್ಲಿ...” ಎಂದು ತಲೆ ಎತ್ತಿದರು. ಸ್ಟಿಯರಿಂಗ್ ಹಿಂದೆ, ಬೆನ್ನಿಗೆ ಅಂಗಡಿಯ ದಿಂಬು ಒತ್ತಿಕೊಂಡು, ಅತ್ತೆ ಕೂತಿದ್ದರು. ಸೇಲ್ಸ್‌ನವ ಪಕ್ಕದ ಸೀಟಿನಲ್ಲಿ ಆಕಳಿಸುತ್ತಿದ್ದ.

“ನೀನಾ?”

“ಮತ್ತಿನ್ಯಾರು?”

“ಯಾವಾಗಿಂದ?”

“ಶುಕ್ರವಾರದಿಂದ. ಬಿಳಿ ಗಾಡಿಯವ್ನಿಗೆ ಲಾಂಡ್ರಿಯಮ್ಮನ ಸಂದೀಲಿ ರಿವರ್ಸ್ ಬರಲಿಲ್ಲ, ಸರಿ ಅಂತ ನಾನೇ ತೆಗೆದೆ. ಮದುವೆಗೆ ಮುಂಚೆ ಅಪ್ಪನ ವ್ಯಾನು ಓಡಿಸ್ತಿದ್ದೆನಲ್ಲ. ಲೈಸೆನ್ಸ್ ತಪ್ಪದೆ ಹೊಸದು ಮಾಡಿಸ್ಕೊಂಡೇ ಬಂದಿದೀನಿ. ಅಣ್ಣಂಗೆ ಗೊತ್ತು, ಬೀದಿಗೆಲ್ಲ ಗೊತ್ತು. ನೀವು ತಗಡು ತಟ್ಟಿ ಬಿಡಪ್ಪಾ ಡ್ರೈವರ್ ಅಂದ್ರಿ, ನಾನು ಬಿಟ್ಟೆ. ಒಂದ್ ಸಲ ಹಿಂದೆ ತಿರುಗಿ ನೋಡಿದ್ರೆ ನಿಮಗೂ ಗೊತ್ತಾಗ್ತಿತ್ತು.”

ಮಾವ ನೋಟುಬುಕ್ ತೆಗೆದರು. ಎರಡು, ಒಂದು, ಒಂದು, ಒಂದು. ಅವರ ಶಾಸ್ತ್ರ ನಾಲ್ಕು ದಿನ ಗಾಡಿಗಳನ್ನು ತೂಗಿರಲೇ ಇಲ್ಲ. ಹೆಂಡತಿಯ ಕಾಲು ಬ್ರೇಕಿನ ಮೇಲೆ ಎಷ್ಟು ಮೆತ್ತಗೆ ಬೀಳುತ್ತದೆ ಎಂಬುದನ್ನು ಬರೆದಿಟ್ಟಿತ್ತು.

“ಹಾಗಾದ್ರೆ... ಮೂರರಲ್ಲಿ ಯಾವ್ದು ಒಳ್ಳೇದು?” ಎಂದರು ಕೊನೆಗೆ, ಶಿಷ್ಯನ ಹಾಗೆ.

“ಬಿಳಿ ಎಳೆಯೋದ್ರಲ್ಲಿ ಆನೆ. ಆದ್ರೆ ಕ್ಲಚ್ ಗಟ್ಟಿ, ಹೆಜ್ಜೆಗೊಂದು ಗುಂಡಿ ಇರೋ ನಮ್ಮ ದಾರೀಲಿ ಮಂಡಿ ಹೋಗತ್ತೆ. ನೀಲೀಲಿ ಜಾಗ ಬೇಕಾದಷ್ಟಿದೆ, ಹಿಂದೆ ಏನಿದೆ ಅಂತ ಕಾಣಲ್ಲ, ಅರ್ಧ ಗಂಟೇಲಿ ಸೀಟಿನ ಕೆಳಗೆ ಬಿಸಿಯಾಗತ್ತೆ. ಈ ಕೆಂಪು ಲೋಡ್ ಇದ್ರೆ ಸೇತುವೆ ಏರು ನಿಧಾನ ಹತ್ತತ್ತೆ, ಅದೊಂದು ಕೊರತೆ. ಆದ್ರೆ ಸಣ್ಣ ಸಂದೀಲೂ ತಿರುಗತ್ತೆ, ಕೆಟ್ರೆ ಬಿಡಿಭಾಗ ಪೇಟೇಲೇ ಸಿಗತ್ತೆ. ಸೀಟು ಮುಂದಕ್ಕೆ ಬರತ್ತೆ, ನನ್ನ ಕಾಲು ಪೆಡಲಿಗೆ ಎಟುಕತ್ತೆ.”

“ಹಾಗಾದ್ರೆ ಇದೇ. ನಿನ್ನ ಹೆಸರಿಗೇ” ಎಂದರು ಮಾವ. ಸೇಲ್ಸ್‌ನವನಿಗೆ ಪೂರ್ತಿ ಎಚ್ಚರವಾಯಿತು.

ವಾಪಸು ಹೊರಡುವಾಗ ಸೇಲ್ಸ್‌ನವ ಖಾಲಿ ಟ್ರೇಗಳ ಜೊತೆ ಹಿಂದೆ ಹತ್ತಿ, ಉಳಿದ ಒಂದು ತುಂಬಿದ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡ. ಮಾವ ಮುಂದೆ ಕೂತರು. ಮೊದಲ ಸಲ ಅವರಿಗೆ ಹೋಗುವ ದಾರಿ ಕಾಣಿಸಿತು. ಅತ್ತೆ ಗುಂಡಿಯನ್ನು ಇಪ್ಪತ್ತು ಮಾರು ಮೊದಲೇ ನೋಡಿ ಬಳಸುವುದನ್ನೂ, ನಾಯಿ ದಾಟಲೆಂದು ಕಾಯುವುದನ್ನೂ, ಹಂಪ್ ಬಂದರೆ ಗಾಡಿಯನ್ನು ಕೈ ಹಿಡಿದು ಇಳಿಸುವಂತೆ ಇಳಿಸುವುದನ್ನೂ ನೋಡುತ್ತಾ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಹೇಳದ ಮಾತೊಂದು ತಾನಾಗಿಯೇ ಹೊರಗೆ ಬಂತು.

“ನೀನು ಸಿಕ್ಕಿದ್ದು ನನ್ನ ಪುಣ್ಯ ಕಣೇ.”

ಅತ್ತೆ ಥಟ್ಟನೆ ಅವರ ಕಡೆ ತಿರುಗಿದರು. ಮುಂದಿದ್ದ ಹಂಪ್ ಮಾತ್ರ ಇದ್ದಲ್ಲೇ ಇತ್ತು. ಗಾಡಿ ಎಗರಿತು, ಕೂತಿದ್ದವರು ಎಗರಿದರು, ಹಿಂದಿನಿಂದ “ಅಯ್ಯೋ ಅಮ್ಮಾ!” ಎಂದು ಕೂಗು ಕೇಳಿತು. ನಿಲ್ಲಿಸಿ ನೋಡಿದರೆ ಸೇಲ್ಸ್‌ನವನ ತಲೆಯಿಂದ ಪಾದದವರೆಗೆ ಹಳದಿ. ಮೂವತ್ತಕ್ಕೆ ಮೂವತ್ತೂ ಒಡೆದಿದ್ದವು.

“ಇನ್ನೊಂದ್ ಸಲ ಹೇಳ್ಲಾ?” ಎಂದರು ಮಾವ.

“ಈಗ ಬೇಡ್ರೀ” ಎಂದರು ಅತ್ತೆ, ಕೆಂಪಾದ ಮುಖವನ್ನು ಸೆರಗಿನಿಂದ ಒರೆಸಿಕೊಂಡು. “ಗಾಡಿ ಇನ್ನೂ ನಮ್ಮದಾಗಿಲ್ಲ. ಮೊದ್ಲು ಮನೆ ಮುಟ್ಟೋಣ, ಆಮೇಲೆ ಎಷ್ಟು ಸಲ ಬೇಕಾದ್ರೂ ಹೇಳಿ.”